ಬಿಡದ ಕತ್ತು ನೋವಿಗೆ ಮನಸ್ಸಿನ ಚಲನೆ, ಮೈಯ ವ್ಯಾಯಾಮ: ಹನ್ನೆರಡು ವಾರಗಳ ಸಮಗ್ರ ಮಾರ್ಗದರ್ಶಿ

ಮೂರು ತಿಂಗಳು ದಾಟಿದರೂ ಬಿಡದ ಕತ್ತು ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಲೆಕ್ಕ ಹಾಕುತ್ತಾರೆ. ಮೈಸೂರು, ಮಂಡ್ಯದ ಕಡೆ ಇದು ಅಂಟಿಕೊಳ್ಳದ ಕಸುಬೇ ಇಲ್ಲ ಎನ್ನಬಹುದು. ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು, ಮನೆಯಲ್ಲೇ ಊದುಬತ್ತಿ ಹೊಸೆಯುವ ಹೆಂಗಸರು, ಬೀಟೆ ಮರದಲ್ಲಿ ಕುಸುರಿ ಕೂರಿಸುವವರು, ದೇವರಾಜ ಮಾರುಕಟ್ಟೆಯಲ್ಲಿ ತಲೆ ಬಗ್ಗಿಸಿ ಹೂ ಕಟ್ಟುವವರು, ಕಬ್ಬಿನ ಕಟ್ಟು ಹೊತ್ತು ಲಾರಿಗೆ ತುಂಬುವವರು, ಬೆಳಗಿನ ರೈಲಿನಲ್ಲಿ ತೂಕಡಿಸುತ್ತಾ ಬೆಂಗಳೂರಿಗೆ ಹೋಗಿಬರುವವರು, ಎಲ್ಲರ ಬಾಯಲ್ಲೂ ಒಂದೇ ಮಾತು: "ಕತ್ತು ಹಿಡ್ಕೊಂಡಿದೆ, ಬಿಡ್ತಾನೇ ಇಲ್ಲ."

ಇಲ್ಲಿ ಹೇಳುವ ವಿಧಾನಕ್ಕೆ ಎರಡು ಕಾಲುಗಳಿವೆ. ಒಂದು, ಕತ್ತನ್ನು ಅಲುಗಿಸದೆ ಆ ಚಲನೆಯನ್ನು ಒಳಗೊಳಗೇ ಮಾಡಿ ನೋಡುವುದು. ಫಿಸಿಯೋಥೆರಪಿಯಲ್ಲಿ ಇದನ್ನು ಮೋಟಾರ್ ಇಮೇಜರಿ ಎನ್ನುತ್ತಾರೆ. ಇನ್ನೊಂದು, ಕತ್ತು ಮತ್ತು ಹೆಗಲಿನ ಸ್ನಾಯುಗಳಿಗೆ ಕ್ರಮವಾಗಿ ಹೊರೆ ಏರಿಸುತ್ತಾ ಹೋಗುವ ವ್ಯಾಯಾಮ. ಮೊದಲನೆಯದನ್ನು ಮಾತ್ರ ಮಾಡಿ ನೋವು ಹೋಗಲಿ ಎಂದು ಕಾಯುವವರಿಗೆ ಸಿಗುವುದು ಅಲ್ಪ. ಎರಡನೆಯದಕ್ಕೆ ನೇರವಾಗಿ ಧುಮುಕಿದವರಲ್ಲಿ ಹಲವರು ನೋವು ಕೆರಳಿಸಿಕೊಂಡು ಹತ್ತೇ ದಿನಕ್ಕೆ ಕೈಬಿಡುತ್ತಾರೆ. ಮನಸ್ಸಿನಲ್ಲಿ ಮಾಡಿದ್ದನ್ನು ಕೂಡಲೇ ಮೈಯಲ್ಲಿ ಮಾಡುವುದು, ಮೈಯಲ್ಲಿ ಆಗದ್ದನ್ನು ಸದ್ಯಕ್ಕೆ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು, ಈ ಜೋಡಣೆಯೇ ಇಲ್ಲಿ ಮುಖ್ಯ.

ಮೊದಲು ವೈದ್ಯರನ್ನು ಕಾಣಬೇಕಾದವರು

ಬಿದ್ದು ಅಥವಾ ಅಪಘಾತದಲ್ಲಿ ಕತ್ತಿಗೆ ಪೆಟ್ಟಾಗಿದ್ದರೆ, ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ (ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ), ಹಿಂದೆ ಕ್ಯಾನ್ಸರ್ ಆಗಿದ್ದರೆ, ಮಲಗಿದರೂ ಕೂತರೂ ಒಂದೇ ಸಮನೆ ಕಾಡುವ ನೋವಿದ್ದರೆ ವ್ಯಾಯಾಮ ಬೇಡ, ಮೊದಲು ತಪಾಸಣೆ. ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಕತ್ತಿನ ಮೊದಲ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರಬಹುದು. ಅವರೂ ಕೇಳಿಯೇ ಶುರುಮಾಡಬೇಕು.

ಇನ್ನೂ ತುರ್ತಿನ ಲಕ್ಷಣಗಳಿವೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ತಲೆ ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದಂತಾಗುವುದು, ಮೂತ್ರ ಮಲದ ಹತೋಟಿ ತಪ್ಪುವುದು, ಇವು ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವ ಸೂಚನೆ. ಹಠಾತ್ತನೆ ಶುರುವಾದ, ಹಿಂದೆಂದೂ ಕಾಣದಂಥ ಕತ್ತು ನೋವು ಅಥವಾ ತಲೆನೋವಿನೊಂದಿಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಇದ್ದಕ್ಕಿದ್ದಂತೆ ಕುಸಿದು ಬೀಳುವುದು ಕಂಡರೆ ಮಿದುಳಿಗೆ ಹೋಗುವ ರಕ್ತನಾಳದ ತೊಂದರೆ ಇರಬಹುದು. ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆ ಸೇರಬೇಕು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಇದ್ದೇ ಇವೆ.

ಕ್ಷೌರ ಮುಗಿದ ಮೇಲೆ ತಲೆ ಹಿಡಿದು ಎರಡೂ ಕಡೆಗೆ ಫಟ್ಟನೆ ತಿರುಗಿಸಿ ನಟಿಕೆ ತೆಗೆಸಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಮಿದುಳಿಗೆ ಏರುವ ರಕ್ತನಾಳದ ಒಳಪದರ ಅಂಥ ಸೆಳೆತಕ್ಕೆ ಹರಿದು ಪಾರ್ಶ್ವವಾಯು ಆಗಿರುವ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ ನಿಜ, ಆದರೆ ಎರಡು ನಿಮಿಷದ ಹಾಯಿಗೆ ಅಷ್ಟು ದೊಡ್ಡ ಬೆಲೆ ಒಡ್ಡುವ ಅಗತ್ಯವಿಲ್ಲ.

ಸ್ಕ್ಯಾನ್‌ನಲ್ಲಿ ಡಿಸ್ಕ್ ಉಬ್ಬಿದೆ ಎಂದು ಬರೆದಿದ್ದರೆ

ಬಹಳ ಜನ ಈ ಒಂದು ಸಾಲಿಗೆ ಹೆದರಿ ಕತ್ತು ತಿರುಗಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿದಾಗ ಶೇಕಡಾ 87.6 ಮಂದಿಯಲ್ಲಿ ಡಿಸ್ಕ್ ಉಬ್ಬು ಕಂಡಿತು. ಸ್ಕ್ಯಾನ್‌ನ ಉಬ್ಬು ಮತ್ತು ನಿಮ್ಮ ನೋವು ಒಂದೇ ಆಗಿರಬೇಕಿಲ್ಲ. ವೈದ್ಯರು ಕೈಕಾಲಿನ ಶಕ್ತಿ, ಸ್ಪರ್ಶ, ಪ್ರತಿಕ್ರಿಯೆ ನೋಡಿ ನರಕ್ಕೆ ತೊಂದರೆಯಿಲ್ಲ ಎಂದಿದ್ದರೆ ಕತ್ತನ್ನು ಅಲುಗಿಸುವುದೇ ಚಿಕಿತ್ಸೆ.

ನೋವು ಹಳೆಯದಾದಷ್ಟೂ ಮೂರು ಬದಲಾವಣೆಗಳು ಒಟ್ಟಿಗೇ ಆಗುತ್ತವೆ. ಕತ್ತಿನ ಮುಂಭಾಗದ ಆಳದಲ್ಲಿ ಮೂಳೆಗೆ ಅಂಟಿದಂತಿರುವ ಸಣ್ಣ ಸ್ನಾಯುಗಳು ಸುಮ್ಮನಾಗುತ್ತವೆ. ಅವುಗಳ ಕೆಲಸವನ್ನು ಮೇಲ್ಪದರದ ದೊಡ್ಡ ಸ್ನಾಯುಗಳು ಎಳೆದುಕೊಂಡು ಸದಾ ಬಿಗಿದಿರುತ್ತವೆ. ತಲೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಅರಿಯುವ ಶಕ್ತಿ ಮಂಕಾಗುತ್ತದೆ. ಜೊತೆಗೆ ಮಿದುಳು ಕೆಲವು ಚಲನೆಗಳನ್ನು ಅಪಾಯ ಎಂದು ಗುರುತಿಟ್ಟುಕೊಂಡು, ನಿಜವಾದ ಹಾನಿ ಇಲ್ಲದಿದ್ದರೂ ಮುಂಚಿತವಾಗಿಯೇ ಬಿಗಿಯನ್ನೂ ನೋವನ್ನೂ ಹೊರಡಿಸುತ್ತದೆ.

ಚಲನೆಯನ್ನು ಕಲ್ಪಿಸಿದಾಗ ಮಿದುಳಿನಲ್ಲಿ ಚಲನೆಯ ಯೋಜನೆ ಮಾಡುವ ಭಾಗಗಳು ಎಚ್ಚರಗೊಳ್ಳುತ್ತವೆ, ಆದರೆ ಸ್ನಾಯುವಿಗೆ ಪೂರ್ತಿ ಆಜ್ಞೆ ಹೋಗುವುದಿಲ್ಲ. ರಂಗದ ಮೇಲೆ ಹೋಗುವ ಮುನ್ನ ನಡೆಯುವ ತಾಲೀಮಿನ ಹಾಗೆ. 1992ರಲ್ಲಿ ಯೂ ಮತ್ತು ಕೋಲ್ ಎಂಬ ಸಂಶೋಧಕರು ಎಡಗೈ ಕಿರುಬೆರಳಿನ ಮೇಲೆ ನಾಲ್ಕು ವಾರಗಳ ಪ್ರಯೋಗ ಮಾಡಿದರು. ನಿಜವಾಗಿ ವ್ಯಾಯಾಮ ಮಾಡಿದವರ ಬೆರಳಿನ ಬಲ ಸರಾಸರಿ ಶೇಕಡಾ 30 ಹೆಚ್ಚಿತು. ಬರೀ ಕಲ್ಪಿಸಿದವರದು ಶೇಕಡಾ 22. ಎರಡೂ ಮಾಡದವರದು ನಾಲ್ಕನ್ನೂ ಮುಟ್ಟಲಿಲ್ಲ. ಆ ಅವಧಿಯಲ್ಲಿ ಬದಲಾದದ್ದು ಸ್ನಾಯುವಿನ ಗಾತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ಬರುವ ಆಜ್ಞೆ. ಕಿರುಬೆರಳಿನ ಲೆಕ್ಕವನ್ನು ಹಾಗೆಯೇ ಕತ್ತಿಗೆ ಹಚ್ಚಲಾಗದು. ತತ್ವ ಮಾತ್ರ ಅದೇ.

ಬೇಕಾದ ಸಾಮಾನು ಮತ್ತು ಮೊದಲ ದಿನದ ಅಳತೆ

ಚಾಪೆ, ಎರಡು ತೆಳು ಟವೆಲ್, ಕೈ ಇಲ್ಲದ ಗಟ್ಟಿ ಕುರ್ಚಿ, ಮೊಬೈಲ್‌ನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್. ಎಳೆಯುವ ರಬ್ಬರ್ ಪಟ್ಟಿ ಮೂರನೇ ವಾರಕ್ಕೆ ಬೇಕು. ಇದಲ್ಲದೆ ತಲೆಗೆ ಕಟ್ಟುವ ಟಾರ್ಚ್ ಒಂದು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರ ಮನೆಯಲ್ಲಿ ಇದ್ದೇ ಇರುತ್ತದೆ. ಟಾರ್ಚಿನ ಬಾಯಿಗೆ ಕಪ್ಪು ರಟ್ಟಿನ ಸಣ್ಣ ಕೊಳವೆ ಸುತ್ತಿ ತುದಿಯಲ್ಲಿ ಕಿರಿದಾದ ತೂತು ಬಿಟ್ಟರೆ ಗೋಡೆಯ ಮೇಲೆ ಬೆಳಕು ಸಣ್ಣ ಚುಕ್ಕೆಯಾಗಿ ಬೀಳುತ್ತದೆ. ಟೋಪಿಗೆ ಅಂಟಿಸಿದ ಲೇಸರ್ ಪಾಯಿಂಟರ್ ಕೂಡ ಆಗುತ್ತದೆ, ಆದರೆ ಎದುರಿಗೆ ಮಕ್ಕಳೋ ಕನ್ನಡಿಯೋ ಇರಬಾರದು.

ನಾಲ್ಕು ಅಳತೆ ಬರೆದಿಡಿ. ಮೊದಲನೆಯದು ನೋವು, ಸೊನ್ನೆಯಿಂದ ಹತ್ತರವರೆಗೆ, ಕಳೆದ ಒಂದು ವಾರದ ಸರಾಸರಿ. ಎರಡನೆಯದು ತಿರುಗುವಿಕೆ: ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತು, ಹೆಗಲು ತಿರುಗಿಸದೆ ತಲೆಯನ್ನು ಬಲಕ್ಕೆ, ಎಡಕ್ಕೆ ಆಗುವಷ್ಟು ಹೊರಳಿಸಿ, ಮೂಗಿನ ನೇರಕ್ಕೆ ಗೋಡೆಯ ಮೇಲೆ ಮನೆಯವರು ಒಂದು ಟೇಪ್ ಅಂಟಿಸಲಿ. ಕುರ್ಚಿಯ ಕಾಲಿನ ಜಾಗಕ್ಕೂ ನೆಲದಲ್ಲಿ ಗುರುತು ಹಾಕದಿದ್ದರೆ ಮುಂದಿನ ವಾರದ ಅಳತೆಗೆ ಅರ್ಥವಿಲ್ಲ.

ಮೂರನೆಯದು ತಲೆಯ ಸ್ಥಾನದ ಅರಿವು. ಗೋಡೆಯಿಂದ ತಲೆಗೆ 90 ಸೆಂ.ಮೀ. ದೂರವಿರುವಂತೆ ಕೂತು, ಟಾರ್ಚ್ ಕಟ್ಟಿ, ಬೆಳಕು ಬಿದ್ದ ಜಾಗಕ್ಕೆ ಗುರುತು ಹಾಕಿ. ಕಣ್ಣು ಮುಚ್ಚಿ ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ, ಮತ್ತೆ ಮೊದಲಿನ ಜಾಗಕ್ಕೆ ಬಂದೆ ಎನ್ನಿಸಿದಾಗ ನಿಲ್ಲಿಸಿ. ಚುಕ್ಕೆ ಎಷ್ಟು ಸೆಂ.ಮೀ. ಆಚೀಚೆ ಬಿದ್ದಿದೆ ಎಂದು ಅಳೆಯಿರಿ. ಪ್ರತಿ ದಿಕ್ಕಿಗೆ ಆರು ಸಲ ಮಾಡಿ ಸರಾಸರಿ ತೆಗೆಯಿರಿ. ಇಷ್ಟು ದೂರದಲ್ಲಿ ಸುಮಾರು 7 ಸೆಂ.ಮೀ. ಎಂದರೆ ನಾಲ್ಕೂವರೆ ಡಿಗ್ರಿ. ಅದಕ್ಕಿಂತ ಹೆಚ್ಚು ತಪ್ಪುತ್ತಿದ್ದರೆ ಕತ್ತಿನ ಅರಿವು ಕುಂದಿದೆ ಎಂದೇ ಫಿಸಿಯೋಗಳು ಎಣಿಸುತ್ತಾರೆ.

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ತಲೆಯನ್ನು ಬಲಕ್ಕೆ ತಿರುಗಿಸಿ ನಡುವಿಗೆ ತರಲು ನಿಜವಾಗಿ ಹಿಡಿದ ಸೆಕೆಂಡುಗಳನ್ನು ಬರೆಯಿರಿ. ಆಮೇಲೆ ಅದನ್ನೇ ಮನಸ್ಸಿನಲ್ಲಿ ಮಾಡಿ, ಶುರುವಿಗೆ ಮತ್ತು ಕೊನೆಗೆ ಸ್ಟಾಪ್‌ವಾಚ್ ಒತ್ತಿ. ನಿಜಕ್ಕೆ ಐದು ಸೆಕೆಂಡು, ಮನಸ್ಸಿಗೆ ನಾಲ್ಕರಿಂದ ಆರು ಎಂದರೆ ಕಲ್ಪನೆ ಸರಿಯಾಗಿ ಕೂತಿದೆ. ಎರಡೇ ಸೆಕೆಂಡಿನಲ್ಲಿ ಮುಗಿದರೆ ನೀವು ಚಲನೆ ಮಾಡಿಲ್ಲ, ಚಲನೆ ಮುಗಿದ ಚಿತ್ರವನ್ನು ಮಾತ್ರ ಕಂಡಿದ್ದೀರಿ. ಹನ್ನೆರಡು ಸೆಕೆಂಡು ಹಿಡಿದರೆ ನಡುವೆ ಎಲ್ಲೋ ಮಿದುಳು ಅಳುಕಿ ನಿಂತಿದೆ. ಎಲ್ಲಿ ಎಂದು ಗಮನಿಸಿಡಿ, ಅದೇ ಮುಂದಿನ ಕೆಲಸದ ಜಾಗ.

ಮೊದಲ ಎರಡು ವಾರ: ನೋಡುವುದು, ಗುರುತಿಸುವುದು, ಕಲ್ಪಿಸುವುದು

ನೋವು ಹತ್ತಕ್ಕೆ ನಾಲ್ಕರ ಒಳಗಿದ್ದು, ಕತ್ತು ತಿರುಗಿಸಲು ಭಯ ಇಲ್ಲದವರು ಈ ಹಂತವನ್ನು ಒಂದೇ ವಾರಕ್ಕೆ ಮುಗಿಸಬಹುದು. ತಿರುಗಿಸುವ ಯೋಚನೆಗೇ ಹೆಗಲು ಬಿಗಿಯುವವರಿಗೆ ಪೂರ್ತಿ ಎರಡು ವಾರ ಬೇಕು.

ಎಡ ಬಲ ಗುರುತಿಸುವ ಅಭ್ಯಾಸಕ್ಕೆ ಮನೆಯವರೊಬ್ಬರ 40 ಫೋಟೋ ಬೇಕು, ತಲೆ ಎಡಕ್ಕೆ ತಿರುಗಿದ್ದು 20, ಬಲಕ್ಕೆ ತಿರುಗಿದ್ದು 20. ಎದುರಿನಿಂದ, ಹಿಂದಿನಿಂದ, ಓರೆಯಿಂದ ತೆಗೆಯಿರಿ. ಸ್ಕೂಟರ್ ಮೇಲೆ ಕೂತು ಹಿಂದಕ್ಕೆ ನೋಡುವುದು, ಒಲೆ ಮುಂದೆ ನಿಂತು ಪಕ್ಕಕ್ಕೆ ತಿರುಗುವುದು ಎಂಬಂಥವೂ ಇರಲಿ. ಕೆಲವನ್ನು ಫೋನಿನಲ್ಲೇ ತಲೆಕೆಳಗು ಮಾಡಿ ಉಳಿಸಿ. ಕಲಸಿಟ್ಟು ಒಂದೊಂದಾಗಿ ಸರಿಸುತ್ತಾ "ಎಡ", "ಬಲ" ಎಂದು ಹೇಳಬೇಕು. ಫೋಟೋದಲ್ಲಿರುವವರ ಎಡ ಯಾವುದು ಎಂಬುದು ಪ್ರಶ್ನೆ, ನಿಮ್ಮ ಎಡವಲ್ಲ. ಅದನ್ನು ಹೇಳಲು ಮಿದುಳು ತನ್ನ ಕತ್ತನ್ನೇ ಒಳಗೆ ತಿರುಗಿಸಿ ಹೋಲಿಸಿ ನೋಡಬೇಕಾಗುತ್ತದೆ, ಅಭ್ಯಾಸದ ಗುಟ್ಟು ಅಲ್ಲಿದೆ. ಹತ್ತಕ್ಕೆ ಎಂಟು ಸರಿಯಾಗಿ, ಒಂದೊಂದಕ್ಕೆ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಹೇಳುವಂತಾಗಲಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಅದೇ ಫೋಟೋಗಳು ಬಾಯಿಪಾಠವಾದರೆ ಹೊಸವು ತೆಗೆಯಿರಿ.

ನೋಡುವ ಅಭ್ಯಾಸ ಇನ್ನೂ ಸರಳ. ಮನೆಯವರೊಬ್ಬರು ಕತ್ತನ್ನು ನಿಧಾನವಾಗಿ, ಸಲೀಸಾಗಿ ಎಡಕ್ಕೆ, ಬಲಕ್ಕೆ, ಕೆಳಕ್ಕೆ, ಮೇಲಕ್ಕೆ ಆಡಿಸುವ ಎರಡು ನಿಮಿಷದ ವಿಡಿಯೋ ಮಾಡಿ, ಹಿಂದಿನಿಂದ ತೆಗೆದದ್ದಾದರೆ ಉತ್ತಮ. ಹಿಂದಿನಿಂದ ಕಂಡರೆ ಅವರ ಬಲ ನಿಮ್ಮ ಬಲವೇ ಆಗಿರುತ್ತದೆ, ಮೈಗೆ ಹೊಂದಿಸಿಕೊಳ್ಳುವುದು ಸುಲಭ. ಬೇರೆಯವರ ಚಲನೆಯನ್ನು ಗಮನವಿಟ್ಟು ನೋಡಿದಾಗಲೂ ಮಿದುಳಿನ ಚಲನೆಯ ಜಾಲ ಕೆಲಸ ಮಾಡುತ್ತದೆ. ಕಣ್ಣುಮುಚ್ಚಿದರೆ ಏನೂ ಮೂಡುವುದಿಲ್ಲ ಎನ್ನುವವರು ಪ್ರತಿ ಸಲವೂ ವಿಡಿಯೋ ನೋಡಿದ ಮೇಲೆಯೇ ಕಲ್ಪನೆಗೆ ಇಳಿಯಬೇಕು.

ಕಲ್ಪನೆ ಮಾಡುವ ಬಗೆ

ಎಲ್ಲರೂ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮಲಗಿ ಮಾಡಬೇಡಿ, ನಿದ್ದೆ ಬರುತ್ತದೆ. ಯಾವ ಭಂಗಿಯಲ್ಲಿ ನಿಜವಾದ ಚಲನೆ ಮಾಡುತ್ತೀರೋ ಅದೇ ಭಂಗಿಯಲ್ಲಿ ಕೂರಿ. ಎರಡೂ ಪಾದ ನೆಲಕ್ಕೆ, ಕೈ ತೊಡೆಯ ಮೇಲೆ. ಊಟವಾದ ತಕ್ಷಣ ಬೇಡ. ಟಿವಿ ಆರಿಸಿ. ಐದು ಉಸಿರು ನಿಧಾನವಾಗಿ ಬಿಟ್ಟು, ಹಲ್ಲು ಕಚ್ಚಿದ್ದರೆ ಸಡಿಲಿಸಿ.

ಈಗ ತಲೆಯನ್ನು ಬಲಕ್ಕೆ ತಿರುಗಿಸುವುದನ್ನು ಒಳಗಿನಿಂದ ಅನುಭವಿಸಿ. ಗೋಡೆಯ ಮೇಲಿನ ಕ್ಯಾಲೆಂಡರ್ ನಿಧಾನವಾಗಿ ಎಡಕ್ಕೆ ಸರಿಯುತ್ತಿದೆ, ಕಿಟಕಿ ಕಣ್ಣಿಗೆ ಬರುತ್ತಿದೆ. ಗದ್ದ ಹೆಗಲಿನ ಕಡೆಗೆ ಹೊರಟಿದೆ. ಎಡಗಡೆ ಕತ್ತಿನ ಚರ್ಮ ಹಗುರವಾಗಿ ಎಳೆಯುತ್ತಿದೆ. ಕಾಲರಿಗೆ ಅಥವಾ ಸೀರೆಯ ಸೆರಗಿಗೆ ದವಡೆ ತಾಕುತ್ತಿದೆ. ತಲೆಯ ಭಾರ, ಸುಮಾರು ನಾಲ್ಕೂವರೆಯಿಂದ ಐದು ಕಿಲೋ, ಕತ್ತಿನ ತುದಿಯಲ್ಲಿ ನುಣ್ಣಗೆ ಹೊರಳುತ್ತಿದೆ. ಅಲ್ಲಿ ಒಂದು ಕ್ಷಣ ನಿಂತು, ಅದೇ ವೇಗದಲ್ಲಿ ಮರಳಿ ಬನ್ನಿ. ನಿಮ್ಮನ್ನು ನೀವೇ ದೂರದಿಂದ ನೋಡುತ್ತಿರುವಂತೆ ಕಂಡರೆ ಅದು ಹೊರಗಿನ ನೋಟ. ಕಲಿಯಲು ಮೊದಲೆರಡು ದಿನ ಅದು ಪರವಾಗಿಲ್ಲ, ಆಮೇಲೆ ಒಳಗಿನ ಅನುಭವಕ್ಕೆ ಬರಲೇಬೇಕು. ಅದರಿಂದಲೇ ಸ್ನಾಯುವಿಗೆ ಹತ್ತಿರದ ಕೆಲಸ ನಡೆಯುವುದು.

ಪ್ರತಿ ದಿಕ್ಕಿಗೆ ಐದು ಸಲ ಒಂದು ಸುತ್ತು. ಅರ್ಧ ನಿಮಿಷ ಬಿಡುವು. ಹೀಗೆ ಮೂರು ಸುತ್ತು. ಒಂದು ದಿನಕ್ಕೆ ಎರಡು ಚಲನೆ ಸಾಕು, ಒಂದು ಹೊತ್ತಿಗೆ ಹತ್ತರಿಂದ ಹದಿನೈದು ನಿಮಿಷ ಮೀರಬಾರದು. ಅದಕ್ಕಿಂತ ಹೆಚ್ಚಾದರೆ ಮನಸ್ಸು ದಣಿದು ಚಿತ್ರ ಮಸುಕಾಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಸ್ಪಷ್ಟತೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ. ಮೂರಕ್ಕಿಂತ ಕಡಿಮೆ ಬಂದರೆ ವಿಡಿಯೋಗೆ ಮರಳಿ, ಅಥವಾ ಒಂದು ಸಲ ಆರಾಮವಾಗಿ ಆಗುವಷ್ಟೇ ನಿಜವಾಗಿ ತಿರುಗಿಸಿ, ಆ ನೆನಪು ಹಸಿಯಾಗಿರುವಾಗಲೇ ಕಲ್ಪಿಸಿ.

ಕಲ್ಪಿಸಿದಾಗಲೇ ನೋವಾದರೆ? ಆಗುವುದುಂಟು. ಹೆದರಬೇಕಿಲ್ಲ, ಇದು ಮಿದುಳಿನ ಎಚ್ಚರಿಕೆ ಗಂಟೆ ಎಷ್ಟು ಸೂಕ್ಷ್ಮವಾಗಿದೆ ಎಂಬುದರ ಸೂಚನೆ. ತಿರುಗುವ ಅಂತರವನ್ನು ಕಾಲುಭಾಗಕ್ಕೆ ಇಳಿಸಿ. ಆಗಲೂ ಆದರೆ ಚಲನೆಯ ಬದಲು ಕಣ್ಣನ್ನು ಮಾತ್ರ ಬಲಕ್ಕೆ ಹೊರಳಿಸುವುದನ್ನು ಕಲ್ಪಿಸಿ. ಅದೂ ಆಗದಿದ್ದರೆ ಮೂರು ದಿನ ಫೋಟೋ ಅಭ್ಯಾಸ ಮಾತ್ರ.

ಎರಡನೇ ವಾರದಲ್ಲಿ ಕಲ್ಪನೆಗೆ ದಿನನಿತ್ಯದ ಕೆಲಸ ಸೇರಿಸಿ. ಊದುಬತ್ತಿ ಹೊಸೆಯುವವರು ಮಣೆಯ ಮುಂದೆ ಕೂತೇ, ಹಿಂದಿನಿಂದ ಯಾರೋ ಕರೆದಾಗ ತಿರುಗುವುದನ್ನು ಕಲ್ಪಿಸಲಿ. ಸ್ಕೂಟರ್ ಓಡಿಸುವವರು ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದು, ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡುವುದನ್ನು ಕಲ್ಪಿಸಲಿ. ಜಾಗ, ವಸ್ತು, ಭಂಗಿ, ವೇಗ ನಿಜಕ್ಕೆ ಹತ್ತಿರವಾದಷ್ಟೂ ಫಲ ಹೆಚ್ಚು. ಕತ್ತಲ ಕೋಣೆಯಲ್ಲಿ ಪದ್ಮಾಸನ ಹಾಕಿ ಕೂತು ಮಾಡುವ ಧ್ಯಾನಕ್ಕೆ ಅದರದೇ ಲಾಭವಿದೆ, ಈ ಕೆಲಸ ಬೇರೆ.

ಮೂರರಿಂದ ಆರನೇ ವಾರ: ಆಳದ ಸ್ನಾಯುಗಳನ್ನು ಎಬ್ಬಿಸುವುದು

ಇನ್ನು ಮುಂದೆ ಎಲ್ಲ ವ್ಯಾಯಾಮಕ್ಕೂ ಒಂದೇ ಕ್ರಮ: ಮೂರು ಸಲ ಮನಸ್ಸಿನಲ್ಲಿ, ಕೂಡಲೇ ಮೈಯಲ್ಲಿ. ನಡುವೆ ಫೋನ್ ನೋಡಬೇಡಿ.

ತಲೆದೂಗುವ ವ್ಯಾಯಾಮ ಎಲ್ಲದರ ತಳಹದಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲೆನ್ ಜುಲ್ ಮತ್ತು ಸಂಗಡಿಗರು ಬೆಳೆಸಿದ ಪರೀಕ್ಷೆಯಿಂದ ಬಂದದ್ದು ಇದು.

1. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಹಣೆ ಮತ್ತು ಗದ್ದ ಸೂರಿಗೆ ಸಮಾನಾಂತರವಾಗುವಷ್ಟು ಮಾತ್ರ ಮಡಚಿದ ಟವೆಲ್ ತಲೆಯ ಕೆಳಗಿರಲಿ.
2. ನಾಲಿಗೆ ಅಂಗುಳಕ್ಕೆ, ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ.
3. "ಹ್ಞೂಂ" ಎಂದು ಒಪ್ಪಿಗೆ ಸೂಚಿಸುವಷ್ಟೇ ಮೆಲ್ಲಗೆ ಗದ್ದವನ್ನು ಇಳಿಸಿ. ತಲೆಯ ಹಿಂಭಾಗ ಟವೆಲ್ ಮೇಲೆ ಜಾರಬೇಕು, ಮೇಲೇಳಬಾರದು.
4. ಅಲ್ಲೇ 10 ಸೆಕೆಂಡು ಹಿಡಿದು ಉಸಿರಾಡುತ್ತಿರಿ. ಬಿಡಿ. 10 ಸಲ.

ಕಿವಿಯ ಹಿಂದಿನಿಂದ ಎದೆಮೂಳೆಯ ತನಕ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಮೇಲೆ ಎರಡು ಬೆರಳಿಟ್ಟುಕೊಳ್ಳಿ. ಅದು ಗಟ್ಟಿಯಾಗಿ ಎದ್ದರೆ ನೀವು ಹೆಚ್ಚು ಬಲ ಹಾಕುತ್ತಿದ್ದೀರಿ, ಅರ್ಧಕ್ಕೆ ಇಳಿಸಿ. ಗದ್ದವನ್ನು ಗಂಟಲಿಗೆ ಒತ್ತುವುದು, ಉಸಿರು ಕಟ್ಟುವುದು, ನಡುಗುವುದು ಇವೂ ಅದೇ ತಪ್ಪಿನ ರೂಪಗಳು. ಹತ್ತು ಸೆಕೆಂಡು ಆಗದಿದ್ದರೆ ನಾಲ್ಕರಿಂದ ಶುರುಮಾಡಿ. ಫಿಸಿಯೋ ಬಳಿ ಕತ್ತಿನ ಕೆಳಗಿಡುವ ಗಾಳಿಚೀಲದ ಮಾಪಕವಿದ್ದರೆ ಒಮ್ಮೆ ಪರೀಕ್ಷಿಸಿಕೊಳ್ಳಿ. ಅದಕ್ಕೆ 20 ಮಿ.ಮೀ. ಪಾದರಸದಷ್ಟು ಗಾಳಿ ತುಂಬಿ, ಎರಡೆರಡೇ ಏರಿಸುತ್ತಾ 22, 24 ಎಂದು 30ರವರೆಗೆ ಹೋಗುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಹತ್ತು ಸೆಕೆಂಡು ಅಲುಗದೆ ಹಿಡಿಯಬೇಕು. ಇಷ್ಟು ಸಣ್ಣ ಚಲನೆಯನ್ನು ಹೊರಗಿನಿಂದ ನೋಡಿ ಕಲಿಯುವುದು ಕಷ್ಟ, ಒಳಗೆ ಕಲ್ಪಿಸಿಕೊಂಡು ಮಾಡುವವರಿಗೆ ಬೇಗ ಒಲಿಯುತ್ತದೆ.

ಟಾರ್ಚ್ ವ್ಯಾಯಾಮವನ್ನು ದಿನಕ್ಕೊಂದು ಸಲ ಮಾಡಿ. ಕಣ್ಣುಮುಚ್ಚಿ ತಿರುಗಿ ಮರಳಿ, ಕಣ್ಣು ತೆರೆದು ತಪ್ಪನ್ನು ಸರಿಪಡಿಸಿಕೊಳ್ಳಿ, ಪ್ರತಿ ದಿಕ್ಕಿಗೆ ಹತ್ತು. ಅದು ಸುಲಭವಾದ ಮೇಲೆ ಗೋಡೆಯಲ್ಲಿ ಚಾಕ್‌ಪೀಸಿನಿಂದ ಅಗಲವಾದ ಎಂಟರ ಆಕಾರ ಬರೆದು ಬೆಳಕಿನ ಚುಕ್ಕೆಯನ್ನು ಅದರ ಗೆರೆ ಮೇಲೆ ಓಡಿಸಿ. ರಂಗೋಲಿ ಹಾಕುವ ಮನೆಯಲ್ಲಿ ಇನ್ನೂ ಚೆಂದದ ಗೆರೆಗಳು ಹೊಳೆಯುತ್ತವೆ. ತಲೆ ಸುತ್ತಿದಂತಾದರೆ ಆಕಾರ ಚಿಕ್ಕದು ಮಾಡಿ, ಎರಡು ನಿಮಿಷಕ್ಕೆ ನಿಲ್ಲಿಸಿ.

ಕತ್ತಿನ ಹಿಂಭಾಗಕ್ಕೆ: ಅಂಗೈ, ಮೊಣಕಾಲು ಊರಿ ಬೆನ್ನು ಸಮತಟ್ಟಾಗಿ ನಿಂತು, ಮೊದಲು ಗದ್ದವನ್ನು ಎದೆಯ ಕಡೆ ಸುರುಳಿ ಸುತ್ತಿ, ಆಮೇಲೆ ಕತ್ತಿನ ಬುಡದಿಂದ ತಲೆಯನ್ನು ಬೆನ್ನಿನ ಮಟ್ಟಕ್ಕೆ ಎತ್ತಿ. ಗದ್ದ ಮುಂದೆ ಚಾಚಬಾರದು. ಹತ್ತು ಸಲ, ಎರಡು ಸುತ್ತು. ಮೊಣಕಾಲು ನೋಯುವವರು ಮೇಜಿನ ಮೇಲೆ ಮೊಣಕೈ ಊರಿ ಬಾಗಿ ಮಾಡಬಹುದು.

ಹೆಗಲ ರೆಕ್ಕೆಮೂಳೆಗೆ: ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಎದೆಮಟ್ಟದಲ್ಲಿ ಕಟ್ಟಿ, ಎರಡೂ ಕೈಯಿಂದ ಪಕ್ಕೆಯ ಕಡೆ ಎಳೆಯಿರಿ. ರೆಕ್ಕೆಮೂಳೆಗಳು ಹಿಂದಕ್ಕೂ ಸ್ವಲ್ಪ ಕೆಳಕ್ಕೂ ಹೋಗಬೇಕು, ಕಿವಿಯ ಕಡೆ ಏರಬಾರದು. ಪಟ್ಟಿಯ ಗಂಟು ಬಿಚ್ಚಿ ಮುಖಕ್ಕೆ ಬಡಿದ ಪ್ರಸಂಗಗಳಿವೆ, ಮೊದಲು ಜಗ್ಗಿ ಪರೀಕ್ಷಿಸಿ. ಜೊತೆಗೆ ಗೋಡೆಗೆ ಕೈಕೊಟ್ಟು ದಂಡ ಹೊಡೆದು, ಕೊನೆಯಲ್ಲಿ ಬೆನ್ನನ್ನು ಇನ್ನೂ ಸ್ವಲ್ಪ ಹಿಂದಕ್ಕೆ ದೂಡುವುದು. ಎರಡೂ ಹನ್ನೆರಡು ಸಲದ ಎರಡು ಸುತ್ತು, ದಿನ ಬಿಟ್ಟು ದಿನ.

ಏಳರಿಂದ ಹನ್ನೆರಡನೇ ವಾರ: ಹೊರೆ ಏರಿಸುವುದು

ನೋವು ಅರ್ಧ ಇಳಿದ ಕೂಡಲೇ ಜನ ನಿಲ್ಲಿಸಿಬಿಡುತ್ತಾರೆ. ಈ ಕಾರಣಕ್ಕೇ ಅದು ಮರುಕಳಿಸುವುದು ಹೆಚ್ಚು. ಫಿನ್‌ಲೆಂಡಿನಲ್ಲಿ ಹಳೆಯ ಕತ್ತು ನೋವಿದ್ದ 180 ಮಹಿಳಾ ಕಚೇರಿ ಉದ್ಯೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಬಲದ ಮತ್ತು ತಾಳಿಕೆಯ ವ್ಯಾಯಾಮ ಮಾಡಿದ ಗುಂಪುಗಳಿಗೆ ಬರೀ ಸ್ಟ್ರೆಚಿಂಗ್ ಮತ್ತು ಸಾಮಾನ್ಯ ವ್ಯಾಯಾಮದ ಸಲಹೆ ಪಡೆದವರಿಗಿಂತ ನೋವೂ ತೊಡಕೂ ಸ್ಪಷ್ಟವಾಗಿ ಹೆಚ್ಚು ಇಳಿದವು. ಬರೀ ಕತ್ತು ಎಳೆದು ಹಿಗ್ಗಿಸಿಕೊಂಡು ಹಾಯಾಯಿತು ಎನ್ನುವುದು ಸಾಲದು.

ಕೈಯೊತ್ತಡದ ವ್ಯಾಯಾಮದಿಂದ ಶುರು. ಅಂಗೈ ಹಣೆಗೆ ಒತ್ತಿ, ತಲೆ ಅಲುಗದಂತೆ ತಡೆಯಿರಿ. ಮೊದಲ ವಾರ ನಿಮ್ಮ ಬಲದ ಐದನೇ ಒಂದು ಭಾಗ, ಆರು ಸೆಕೆಂಡು, ಐದು ಸಲ. ಹಾಗೆಯೇ ಹಿಂದೆ, ಎಡ, ಬಲ. ವಾರವಾರಕ್ಕೂ ಬಲ ಏರಿಸುತ್ತಾ ಅರ್ಧದವರೆಗೆ, ಹತ್ತು ಸೆಕೆಂಡಿನವರೆಗೆ ಬನ್ನಿ. ಒತ್ತುವ ಮೊದಲು ಗದ್ದ ಮೆಲ್ಲಗೆ ಇಳಿದಿರಲಿ.

ಇದರ ಜೊತೆಗೆ ಕೈಯನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ. ರಬ್ಬರ್ ಪಟ್ಟಿಯನ್ನು ಪಾದದ ಕೆಳಗೆ ಮೆಟ್ಟಿ, ತುದಿಗಳನ್ನು ಹಿಡಿದು, ಮೊಣಕೈ ತುಸು ಬಾಗಿಸಿ, ಕೈಗಳನ್ನು ಹೆಗಲ ಮಟ್ಟಕ್ಕೆ ಎತ್ತಿ ನಿಧಾನವಾಗಿ ಇಳಿಸುವುದು. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಆಗಾಗ ಕತ್ತು ಹೆಗಲು ನೋಯುತ್ತಿದ್ದ 198 ಜನರಲ್ಲಿ ಎರಡು ಗುಂಪುಗಳಿಗೆ ಇದೊಂದನ್ನೇ ವಾರಕ್ಕೆ ಐದು ದಿನ, ಹತ್ತು ವಾರ ಮಾಡಿಸಿದರು. ದಿನಕ್ಕೆ ಎರಡೇ ನಿಮಿಷ ಮಾಡಿದವರಿಗೂ ನೋವು ಗಣನೀಯವಾಗಿ ತಗ್ಗಿತು. ಸಮಯವಿಲ್ಲ ಎನ್ನುವವರು ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ. ಪಟ್ಟಿ ಸಿಗದಿದ್ದರೆ ಅದೇ ಸಾಕು. ಕೊನೆಯ ಎರಡು ಸಲ ಎತ್ತುವುದು ಕಷ್ಟ ಎನ್ನಿಸಬೇಕು. ಹದಿನೈದು ಸಲ ಸಲೀಸಾಗಿ ಆಗುತ್ತಿದ್ದರೆ ಭಾರ ಹೆಚ್ಚಿಸುವ ಹೊತ್ತು ಬಂತು.

ತಲೆಯ ಮೇಲೆ ಹೊರೆ ಹೊರುವುದು ಬಿಡಲಾಗದವರ ಮಾತು ಬೇರೆಯೇ ಹೇಳಬೇಕು. ಕೈಗೆ ಜೋಮು ಅಥವಾ ನಿಶ್ಶಕ್ತಿ ಇರುವವರು ತಲೆಹೊರೆ ಹೊರಲೇಬಾರದು. ಉಳಿದವರು ಹತ್ತನೇ ವಾರದಲ್ಲಿ, ಆದರೆ ಫಿಸಿಯೋ ಒಮ್ಮೆ ನೋಡಿದ ಮೇಲೆ, ಖಾಲಿ ಸಿಂಬಿಯನ್ನು ತಲೆಗಿಟ್ಟು ನಿಂತು, ಹುಲ್ಲಿನ ಹೊರೆ ಏರಿಸಿಕೊಳ್ಳುವುದು, ನಾಲ್ಕು ಹೆಜ್ಜೆ ನಡೆಯುವುದು, ಇಳಿಸುವುದು ಇಷ್ಟನ್ನೂ ಕಲ್ಪಿಸಲಿ. ಕೂಡಲೇ ಎರಡು ಕಿಲೋ ಅಕ್ಕಿ ಕಟ್ಟಿಟ್ಟು ಹತ್ತು ಹೆಜ್ಜೆ. ವಾರಕ್ಕೆ ಒಂದೆರಡು ಕಿಲೋಗಿಂತ ಹೆಚ್ಚಿಸಬೇಡಿ. ಭಾರಕ್ಕಿಂತ ಹೆಚ್ಚು ಕೆಡುಕು ಮಾಡುವುದು ಒಬ್ಬರೇ ಎತ್ತಿ ತಲೆಗೇರಿಸುವಾಗಿನ ಜರ್ಕು. ಏರಿಸಲು ಇಳಿಸಲು ಇನ್ನೊಬ್ಬರ ಕೈ ಇರಲಿ.

ಎಷ್ಟು ನೋವು ಸರಿ, ಎಷ್ಟು ಅತಿ

ವ್ಯಾಯಾಮದ ಹೊತ್ತಿಗೆ ನೋವು ಹತ್ತರಲ್ಲಿ ಎರಡು ಮೂರು ಅಂಕ ಏರಬಹುದು. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅದೇ ಪ್ರಮಾಣ ಮುಂದುವರಿಸಿ. ಇಳಿಯದಿದ್ದರೆ ಮೈಯ ವ್ಯಾಯಾಮವನ್ನು ಅರ್ಧ ಮಾಡಿ, ಕಲ್ಪನೆಯನ್ನು ಪೂರ್ತಿ ಇಟ್ಟುಕೊಳ್ಳಿ. ಆ ದಿನಗಳಲ್ಲಿ ಕಲ್ಪನೆಯೇ ನಿಮ್ಮ ಅಭ್ಯಾಸವನ್ನು ಕಡಿಯದಂತೆ ಕಾಯುತ್ತದೆ. ನೋವು ತೋಳಿನಲ್ಲಿ ಕೆಳಕ್ಕೆ ಇಳಿಯುತ್ತಾ ಬೆರಳು ಮುಟ್ಟಿದರೆ ಮಾತ್ರ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೆಲವರಿಗೆ ಮೂರು ವಾರವಾದರೂ ಏನೂ ಬದಲಾಗುವುದಿಲ್ಲ. ನೋಟ್‌ಬುಕ್ ತೆರೆದು ಸೆಕೆಂಡಿನ ಲೆಕ್ಕ ನೋಡಿ. ಹೆಚ್ಚಾಗಿ ಕಲ್ಪನೆ ಅವಸರದಲ್ಲಿ ಮುಗಿದಿರುತ್ತದೆ, ಇಲ್ಲವೇ ಅದಕ್ಕೂ ನಿಜವಾದ ವ್ಯಾಯಾಮಕ್ಕೂ ನಡುವೆ ಅರ್ಧ ದಿನದ ಅಂತರವಿರುತ್ತದೆ. ಇನ್ನೊಂದು ಕಾರಣ, ನೋವಿಲ್ಲದ ಸುಲಭದ ದಿಕ್ಕನ್ನೇ ಮತ್ತೆ ಮತ್ತೆ ಮಾಡುವುದು. ರಾತ್ರಿ ನಿದ್ದೆ ಆರು ಗಂಟೆಗಿಂತ ಕಡಿಮೆ ಇದ್ದರೆ, ಚಿಂತೆ ಹೆಚ್ಚಿದ್ದರೆ ಅದನ್ನೂ ಫಿಸಿಯೋಗೆ ಹೇಳಿ. ನೋವಿನ ಗಂಟೆ ಸೂಕ್ಷ್ಮವಾಗಲು ಅವೂ ಕಾರಣ.

ಕಾಲರ್ ಪಟ್ಟಿಯನ್ನು ದೀರ್ಘಕಾಲ ಹಾಕಿಕೊಂಡರೆ ಸ್ನಾಯು ಇನ್ನಷ್ಟು ಸೋಲುತ್ತದೆ. ಬಿಸಿನೀರಿನ ಶಾಖ, ಹರಳೆಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಹಾಯಿ ಕೊಡುತ್ತದೆ. ವ್ಯಾಯಾಮಕ್ಕೆ ಮುನ್ನ ಹತ್ತು ನಿಮಿಷ ಮಾಡಿಕೊಂಡರೆ ಒಳ್ಳೆಯದೇ. ದಿಂಬು ಮಗ್ಗುಲಲ್ಲಿ ಮಲಗಿದಾಗ ಕಿವಿ ಮತ್ತು ಹೆಗಲಿನ ನಡುವಿನ ಜಾಗ ತುಂಬುವಷ್ಟಿರಲಿ, ಎರಡು ದಿಂಬು ಪೇರಿಸಬೇಡಿ. ರೈಲಿನಲ್ಲಿ ನಿದ್ದೆ ಬರುವವರು ಕಿಟಕಿ ಬದಿ ಹಿಡಿದು, ಸುತ್ತಿದ ಟವೆಲನ್ನು ಕತ್ತು ಮತ್ತು ಕಿಟಕಿಯ ನಡುವೆ ಇಟ್ಟುಕೊಳ್ಳಿ. ಹೂ ಕಟ್ಟುವವರು, ಹೊಲಿಯುವವರು ಕೆಲಸವನ್ನೇ ಎದೆಯ ಹತ್ತಿರಕ್ಕೆ ಎತ್ತಿಕೊಳ್ಳುವಂತೆ ಮಣೆಯೋ ದಿಂಬೋ ತೊಡೆಯ ಮೇಲಿಡಿ, ಅರ್ಧ ಗಂಟೆಗೊಮ್ಮೆ ತಲೆ ಎತ್ತಿ ಎರಡೂ ಕಡೆ ಮೂರು ಸಲ ತಿರುಗಿಸಿ. ಕುಕ್ಕರಹಳ್ಳಿ ಕೆರೆಯ ಸುತ್ತಲೋ ಊರಿನ ನಾಲೆ ಏರಿಯ ಮೇಲೋ ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆಯನ್ನೂ ಸೇರಿಸಿಕೊಳ್ಳಿ, ಫೋನ್ ಜೇಬಿನಲ್ಲಿರಲಿ.

ಹನ್ನೆರಡು ವಾರ ಮುಗಿದ ಮೇಲೆ ನಾಲ್ಕೂ ಅಳತೆಗಳನ್ನು ಮತ್ತೆ ತೆಗೆದು ಮೊದಲ ದಿನದ್ದರ ಪಕ್ಕದಲ್ಲಿ ಬರೆಯಿರಿ. ನೋವಿನ ಅಂಕ ಎರಡಾದರೂ ಇಳಿದಿದ್ದರೆ ವಾರಕ್ಕೆ ಎರಡು ದಿನದ ಬಲದ ವ್ಯಾಯಾಮಕ್ಕೆ ಇಳಿಸಿಕೊಳ್ಳಬಹುದು, ಅದಕ್ಕಿಂತ ಕಡಿಮೆ ಬೇಡ. ಅಂಕ ಅಲುಗಿಲ್ಲದಿದ್ದರೆ ನೋಟ್‌ಬುಕ್ ಹಿಡಿದೇ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ಯಾವ ಹಂತದಲ್ಲಿ ನಿಂತಿತು ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಮುಂದೆ ಎಂದಾದರೂ ಕತ್ತು ಮತ್ತೆ ಹಿಡಿದುಕೊಂಡರೆ ಮೊದಲಿನಿಂದ ಶುರುಮಾಡಬೇಕಿಲ್ಲ: ಎರಡು ದಿನ ಕಲ್ಪನೆ ಮತ್ತು ತಲೆದೂಗುವ ವ್ಯಾಯಾಮ ಮಾತ್ರ, ಮೂರನೇ ದಿನ ಅರ್ಧ ಬಲದ ಕೈಯೊತ್ತಡ, ಐದಾರನೇ ದಿನಕ್ಕೆ ನಿಲ್ಲಿಸಿದ್ದ ಭಾರದ ಮುಕ್ಕಾಲು ಪಾಲು.